ಹಲೋ ಅಂದ್ರೆ ಒಳಗೆ, ಬೈ ಅಂದ್ರೆ ಹೊರಗೆ

1998ರ ಜೂನ್ ಇರ್ಬೇಕು. ಮಳೆ ಶುರುವಾಗಿತ್ತು ಅನ್ನೋದು ಚೆನ್ನಾಗಿ ನೆನಪಿದೆ, ಯಾಕಂದ್ರೆ ಜಯನಗರದ ಆ ಆಫೀಸಿನ ಎರಡನೇ ಮಹಡಿ ಕಿಟಕಿ ಸರಿಯಾಗಿ ಮುಚ್ತಾನೇ ಇರಲಿಲ್ಲ, ಕೀಬೋರ್ಡ್ ಪಕ್ಕ ಒಂದು ಹಳೇ ಟವೆಲ್ ಇಟ್ಕೊಂಡೇ ಕೂರ್ತಿದ್ದೆ. ಎರಡು ತಿಂಗಳು ಕೋಬಾಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಟ್ರೇನಿಂಗ್ ಮುಗಿಸಿದ ಹುಡುಗರನ್ನೆಲ್ಲ ರಾತ್ರಿ ಪಾಳಿಗೆ ಹಾಕಿದ್ರು. ಅಮೆರಿಕದ ಒಂದು ಮೇಲ್ ಆರ್ಡರ್ ಕಂಪನಿ, ಕ್ಯಾಟಲಾಗ್ ನೋಡಿ ಜನ ಫೋನ್ ಮಾಡ್ತಾರೆ, ಗಿಫ್ಟ್ ಬುಟ್ಟಿ, ಹೂವಿನ ಗೆಡ್ಡೆ, ಜಾಮ್ ಬಾಟ್ಲಿ ಅಂತ ಏನೇನೋ ಮನೆಗೆ ತರಿಸ್ಕೋತಾರೆ. ಅವರ ಇಡೀ ವ್ಯವಹಾರ ಒಂದು ಮೆಷಿನ್ ಮೇಲೆ. ನಮ್ಮ ಕೆಲಸ ಅದರ ವೈ2ಕೆ ರಿಪೇರಿ, ಅಂದ್ರೆ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ರಿಂದ 2000 ಬಂದಾಗ ತಾರೀಕು ಕೆಡದ ಹಾಗೆ ಸರಿ ಮಾಡೋದು.

ನಾನು ಅಂದ್ಕೊಂಡಿದ್ದು ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇರುತ್ತೆ, ಇಲ್ಲ ಅಂದ್ರೆ ಐಬಿಎಂ ಮೇನ್‌ಫ್ರೇಮ್ ಇರುತ್ತೆ ಅಂತ. ಟೀಮ್ ಲೀಡ್ ಬಂದು ರಿಫ್ಲೆಕ್ಷನ್ ಅನ್ನೋ ಟರ್ಮಿನಲ್ ಎಮ್ಯುಲೇಟರ್ (ದೂರದ ಮೆಷಿನ್‌ನ ಸ್ಕ್ರೀನನ್ನ ನಮ್ಮ ಪಿಸಿಯಲ್ಲಿ ತೋರಿಸೋ ಸಾಫ್ಟ್‌ವೇರ್) ತೆಗೆದು ಕನೆಕ್ಟ್ ಮಾಡಿದ್ರು. ಕಪ್ಪು ಸ್ಕ್ರೀನು, ಎಡಗಡೆ ಒಂದು ಕೋಲನ್, ಅಷ್ಟೇ. "ಲಾಗಿನ್ ಏನು ಸಾರ್?" ಅಂದೆ. "ಹಲೋ ಅನ್ನು" ಅಂದ್ರು. ತಮಾಷೆ ಮಾಡ್ತಿದಾರೆ ಅಂದ್ಕೊಂಡೆ. ಇಲ್ಲ, ನಿಜವಾಗ್ಲೂ ಎಚ್-ಇ-ಎಲ್-ಎಲ್-ಓ ಅಂತ ಟೈಪ್ ಮಾಡಿ, ಸ್ಪೇಸ್ ಕೊಟ್ಟು, ಯೂಸರ್ ಹೆಸರು, ಚುಕ್ಕಿ, ಅಕೌಂಟ್ ಹೆಸರು. ಒಳಗೆ ಬಿಟ್ಕೊಳ್ತು. ಕೆಲಸ ಮುಗಿದ ಮೇಲೆ ಬೈ ಅನ್ಬೇಕು. ಬೈ ಅಂದ್ರೆ ಅದು ಇಷ್ಟು ಸೆಕೆಂಡ್ ಸಿಪಿಯು ಬಳಸಿದೀಯ, ಇಷ್ಟು ನಿಮಿಷ ಕನೆಕ್ಟ್ ಆಗಿದ್ದೆ, ಇವತ್ತು ಇಂಥ ವಾರ ಇಂಥ ತಾರೀಕು ಅಂತ ಒಂದು ಸಾಲು ಲೆಕ್ಕ ಕೊಟ್ಟು ಕಳಿಸೋದು. ಹೋಟೆಲ್‌ನಲ್ಲಿ ಬಿಲ್ ಕೊಟ್ಟು ಕಳಿಸಿದ ಹಾಗೆ.

ಅದು ಎಚ್‌ಪಿ 3000. ಅದರ ಆಪರೇಟಿಂಗ್ ಸಿಸ್ಟಮ್ ಹೆಸರು ಎಂಪಿಇ. ಮಲ್ಟಿಪ್ರೋಗ್ರಾಮಿಂಗ್ ಎಕ್ಸಿಕ್ಯುಟಿವ್ ಅಂತ ಪೂರ್ತಿ ಹೆಸರು, ಯಾರೂ ಹಾಗೆ ಕರೀತಿರಲಿಲ್ಲ ಬಿಡಿ. ಇವತ್ತು ಕಂಪ್ಯೂಟರ್ ಓದಿರೋ ಹತ್ತು ಜನರನ್ನ ಕೇಳಿದ್ರೆ ಒಂಬತ್ತು ಜನಕ್ಕೆ ಈ ಹೆಸರೇ ಗೊತ್ತಿರಲ್ಲ, ಎಚ್‌ಪಿ ಅಂದ್ರೆ ಅವರಿಗೆ ಪ್ರಿಂಟರ್ರು, ಲ್ಯಾಪ್‌ಟಾಪು. ನಾನು ಆ ಮೆಷಿನ್ ಮೇಲೆ ಸುಮಾರು ಹತ್ತು ವರ್ಷ ದುಡಿದೆ, ಮೊದಲರ್ಧ ಅದನ್ನ ಉಳಿಸೋಕೆ, ಉಳಿದರ್ಧ ಅದನ್ನ ತೆಗೆದುಹಾಕೋಕೆ. ಎರಡಕ್ಕೂ ಸಂಬಳ ಬಂತು. ಎರಡನೇದಕ್ಕೆ ಸ್ವಲ್ಪ ಜಾಸ್ತೀನೇ ಬಂತು.

ಈ ಮೆಷಿನ್ ಹುಟ್ಟಿದ ಕಥೆ ನಮಗೆ ಆಗ ಗೊತ್ತಿರಲಿಲ್ಲ, ಆಮೇಲೆ ಹಳಬರು ಬರೆದಿದ್ದು ಓದಿ ತಿಳ್ಕೊಂಡಿದ್ದು. 1960ರ ದಶಕದ ಕೊನೇಲಿ ಎಚ್‌ಪಿ ಒಳಗೆ ಒಮೆಗಾ ಅಂತ 32 ಬಿಟ್‌ನ ದೊಡ್ಡ ಕಂಪ್ಯೂಟರ್ ಪ್ರಾಜೆಕ್ಟ್ ನಡೀತಿತ್ತು. ಆಸಿಲೋಸ್ಕೋಪ್, ವೋಲ್ಟ್ ಮೀಟರ್ ಮಾಡ್ತಿದ್ದ ಕಂಪನಿ ಅದು, ಇಷ್ಟು ದೊಡ್ಡ ಗಂಟು ಹೊರೋದು ಬೇಡ ಅಂತ ಮೇಲಿನವರು ಅದನ್ನ ನಿಲ್ಲಿಸಿಬಿಟ್ರು. ಇಂಜಿನಿಯರುಗಳಲ್ಲಿ ಕೆಲವರು ಕಪ್ಪು ವೆಲ್ವೆಟ್ ಪಟ್ಟಿ ತೋಳಿಗೆ ಕಟ್ಕೊಂಡು ಓಡಾಡಿದ್ರಂತೆ, ಸಾವಿನ ಮನೇಲಿ ಕಟ್ಕೊಳ್ಳೋ ಥರ. ಅದರ ಬದಲು ಚಿಕ್ಕದಾಗಿ 16 ಬಿಟ್‌ನಲ್ಲಿ ಆಲ್ಫಾ ಅಂತ ಇನ್ನೊಂದು ಶುರು ಮಾಡಿದ್ರು, ಅದೇ ಎಚ್‌ಪಿ 3000. ಅಂದ್ರೆ ಈ ಕೂಸು ಹುಟ್ಟೋಕೆ ಮುಂಚೆಯೇ ಆ ಮನೇಲಿ ಒಂದು ಸೂತಕ ಆಗಿತ್ತು.

1972ರ ನವೆಂಬರಿನಲ್ಲಿ ಮೊದಲ ಮೆಷಿನ್ ಬರ್ಕ್ಲಿಯ ಲಾರೆನ್ಸ್ ಹಾಲ್ ಆಫ್ ಸೈನ್ಸ್‌ಗೆ ಹೋಯ್ತು. ಹೋಗಿದ್ದೇ ಗ್ರಹಚಾರ. ಬ್ರೋಷರ್‌ನಲ್ಲಿ ಹೇಳಿದ್ದಷ್ಟು ಜನ ಒಟ್ಟಿಗೆ ಕೂತು ಕೆಲಸ ಮಾಡೋದಿರಲಿ, ಬೆರಳೆಣಿಕೆ ಜನ ಕೂತ್ರೂ ಸಿಸ್ಟಮ್ ಮಲಗೋದು, ದಿನಕ್ಕೆ ಹಲವು ಸಲ ಮಲಗೋದು. 1973ರಲ್ಲಿ ಎಚ್‌ಪಿ ಮಾರಾಟ ನಿಲ್ಲಿಸಿ, ಕೊಟ್ಟ ಮೆಷಿನ್‌ಗಳನ್ನ ವಾಪಸ್ ತಗೊಂಡು, ತಪ್ಪಾಯ್ತು ಅಂತ ಹಳೇ ಮಾದರಿ ಕಂಪ್ಯೂಟರ್ ಕೊಟ್ಟು ಗಿರಾಕಿಗಳನ್ನ ಸಮಾಧಾನ ಮಾಡ್ತು. ಆಮೇಲೆ ಮೈಕ್ರೋವೇವ್ ವಿಭಾಗದಿಂದ ಪಾಲ್ ಈಲಿ ಅನ್ನೋರನ್ನ ಕರ್ಕೊಂಡು ಬಂದು ಕೂರಿಸಿದ್ರು. ಸರಿ ಮಾಡಿ ಮತ್ತೆ ಮಾರ್ಕೆಟ್ಟಿಗೆ ತಂದ್ರು. ಎಷ್ಟು ಸರಿ ಮಾಡಿದ್ರು ಅಂದ್ರೆ, ದಿನಕ್ಕೆ ಹತ್ತು ಸಲ ಬೀಳ್ತಿದ್ದ ಮೆಷಿನ್ನು ಮುಂದೆ "ಬೀಳೋದೇ ಇಲ್ಲ" ಅನ್ನೋದಕ್ಕೇ ಹೆಸರುವಾಸಿ ಆಯ್ತು. ನನ್ನ ಹತ್ತು ವರ್ಷದಲ್ಲಿ ಅದು ತಾನಾಗೇ ಬಿದ್ದಿದ್ದು ನಾನು ನೋಡಿರೋದು ಎರಡೇ ಸಲ, ಅದ್ರಲ್ಲಿ ಒಂದು ಸಲ ಕ್ಲೀನ್ ಮಾಡೋರು ಏನನ್ನೋ ಎಳೆದಿದ್ರು.

ಆದ್ರೆ ಜನ ಅದನ್ನ ಕೊಂಡ್ಕೊಂಡಿದ್ದು ಮೆಷಿನ್‌ಗೋಸ್ಕರ ಅಲ್ಲ, ಇಮೇಜ್‌ಗೋಸ್ಕರ. ಇಮೇಜ್ ಅಂದ್ರೆ ಫೋಟೋ ಅಲ್ಲ ಸ್ವಾಮಿ, ಡೇಟಾಬೇಸ್ ಹೆಸರು. ಫ್ರೆಡ್ ವೈಟ್ ಮತ್ತು ಜಾನ್ ಬೇಲ್ ಅಂತ ಇಬ್ಬರು ಬರೆದಿದ್ದು. 1970ರ ದಶಕದ ಮಧ್ಯದಲ್ಲಿ ಎಚ್‌ಪಿ ಒಂದು ಬುದ್ಧಿವಂತಿಕೆ ಮಾಡ್ತು, ಈ ಡೇಟಾಬೇಸ್‌ನ ಮೆಷಿನ್ ಜೊತೆ ಪುಕ್ಕಟೆ ಕೊಟ್ಟುಬಿಡ್ತು. ಬೇರೆ ಕಡೆ ಡೇಟಾಬೇಸ್ ಅಂದ್ರೆ ಬೇರೆ ದುಡ್ಡು ಕೊಟ್ಟು ತರೋ ಸಾಮಾನು, ಇಲ್ಲಿ ಪೆಟ್ಟಿಗೆ ಬಿಚ್ಚಿದ್ರೆ ಒಳಗೇ ಇದೆ. ಹಾಗಾಗಿ ಸಾಫ್ಟ್‌ವೇರ್ ಬರೆಯೋರೆಲ್ಲ ಧೈರ್ಯವಾಗಿ ಇಮೇಜ್ ಮೇಲೇ ಬರೆದ್ರು, ಗಿರಾಕಿ ಹತ್ರ ಅದು ಇದ್ದೇ ಇರುತ್ತಲ್ಲ.

ನನಗೆ ಇಮೇಜ್ ಅರ್ಥ ಆಗಿದ್ದು ಮ್ಯಾನ್ಯುಯಲ್‌ನಿಂದ ಅಲ್ಲ, ಅಪ್ಪನಿಂದ. ಅಪ್ಪ ತೀರ್ಥಹಳ್ಳಿ ಹತ್ರ ಒಂದು ಸಹಕಾರಿ ಸೊಸೈಟೀಲಿ ಗುಮಾಸ್ತರಾಗಿದ್ರು. ಸೊಸೈಟೀಲಿ ಎರಡು ಥರದ ಪುಸ್ತಕ. ಕಿರ್ದಿ ಅಂದ್ರೆ ದಿನದ ಲೆಕ್ಕ, ಬಂದವರು ಬಂದ ಹಾಗೆ ಬರ್ಕೊಂಡು ಹೋಗೋದು. ಖಾತೆ ಪುಸ್ತಕ ಅಂದ್ರೆ ಸದಸ್ಯರಿಗೊಂದು ಪುಟ. ಇನ್ನು ಮುಂದೆ ಇರೋ ಪಟ್ಟಿ ನೋಡಿದ್ರೆ ಇಂಥ ಸದಸ್ಯ ಇಂಥ ಪುಟ ಅಂತ ಗೊತ್ತಾಗುತ್ತೆ. ಪುಟ ತುಂಬಿದ್ರೆ ಕೆಳಗೆ "ಮುಂದೆ ಪುಟ 214" ಅಂತ ಬರೀತಾರೆ, 214ರ ತಲೆ ಮೇಲೆ "ಹಿಂದಿನ ಪುಟ 87" ಅಂತ ಬರೆದು ಶಿಲ್ಕು ತರ್ತಾರೆ. ಇಮೇಜ್ ಅಂದ್ರೆ ಹೆಚ್ಚುಕಮ್ಮಿ ಇದೇ. ಪಟ್ಟಿಗೆ ಮಾಸ್ಟರ್ ಅಂತಾರೆ, ವಿವರಕ್ಕೆ ಡೀಟೇಲ್ ಅಂತಾರೆ. ಒಬ್ಬ ಗಿರಾಕಿಯ ಎಲ್ಲಾ ಆರ್ಡರುಗಳೂ ಡೀಟೇಲ್‌ನಲ್ಲಿ ಎಲ್ಲೆಲ್ಲೋ ಇದ್ರೂ ಒಂದೊಂದೂ ತನ್ನ ಹಿಂದಿನದು ಯಾವುದು ಮುಂದಿನದು ಯಾವುದು ಅಂತ ಬರ್ಕೊಂಡಿರುತ್ತೆ, ಅದಕ್ಕೆ ಚೈನ್ ಅಂತ ಹೆಸರು. ಗಿರಾಕಿ ನಂಬರ್ ಕೊಟ್ರೆ ಮಾಸ್ಟರ್‌ನಲ್ಲಿ ನೇರ ಆ ಜಾಗಕ್ಕೆ ಹೋಗಿ, ಅಲ್ಲಿಂದ ಚೈನ್ ಹಿಡ್ಕೊಂಡು ಒಂದಾದ ಮೇಲೊಂದು. ಡಿಬಿಫೈಂಡ್ ಮಾಡು, ಡಿಬಿಗೆಟ್ ಮಾಡ್ತಾ ಹೋಗು. ಹಬ್ಬಕ್ಕೆ ಊರಿಗೆ ಹೋದಾಗ ಒಂದು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದೆ. ಅಪ್ಪ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಇದನ್ನ ಕಲಿಯೋಕೆ ಬೆಂಗಳೂರಿಗೆ ಹೋಗ್ಬೇಕಿತ್ತೇನೋ?" ಅಂದ್ರು.

ಆಮೇಲೆ ಇನ್ನೊಂದು ಮಾತು ಕೇಳಿದ್ರು, ಅದು ನನಗೆ ತುಂಬಾ ವರ್ಷ ಆದ್ಮೇಲೆ ನೆನಪಾಯ್ತು. "ಬರೆದ ಕ್ರಮದಲ್ಲೇ ಬರುತ್ತೆ ತಾನೆ?" ಅಂತ. ಹೌದು, ಚೈನ್‌ನಲ್ಲಿ ಮೊದಲು ಹಾಕಿದ್ದು ಮೊದಲು ಬರುತ್ತೆ, ಕೊನೆಗೆ ಹಾಕಿದ್ದು ಕೊನೆಗೆ ಬರುತ್ತೆ ಅಂದೆ. "ಹಂಗಾದ್ರೆ ಸರಿ" ಅಂದ್ರು. ಇದನ್ನ ಇಲ್ಲಿಗೆ ಬಿಟ್ಟಿರ್ತೀನಿ, ಮುಂದೆ ಬರುತ್ತೆ.

ಈ ಮೆಷಿನ್ ಸುತ್ತ ಬೆಳೆದ ಜನಾನೂ ಒಂಥರಾ ವಿಚಿತ್ರ. ಇಮೇಜ್ ಡೇಟಾಬೇಸ್‌ನ ಜಾಗ ತುಂಬಿದ್ರೆ ದೊಡ್ಡದು ಮಾಡೋದು ಮೊದಮೊದಲು ದೊಡ್ಡ ರಗಳೆ, ಎಲ್ಲಾ ಇಳಿಸಿ, ಮತ್ತೆ ಕಟ್ಟಿ, ಮತ್ತೆ ಹತ್ತಿಸ್ಬೇಕು. ಅದನ್ನ ಸಲೀಸು ಮಾಡೋ ಆಡೇಜರ್ ಅನ್ನೋ ಸಾಫ್ಟ್‌ವೇರ್ ಮಾಡಿದ್ದು ಗ್ವಾಟೆಮಾಲಾದ ಆಲ್ಫ್ರೆಡೋ ರೇಗೋ. ಇದೇ ಮನುಷ್ಯ 1988ರಲ್ಲಿ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ಗೆ ಗ್ವಾಟೆಮಾಲಾ ಪರವಾಗಿ ಸ್ಕೀಯಿಂಗ್‌ಗೂ ಹೋಗಿದ್ರು. ಇಮೇಜ್ ಬರೆದ ಫ್ರೆಡ್ ವೈಟ್ ಕೊನೆಗೆ ಇವರ ಕಂಪನೀಲೇ ಸೇರ್ಕೊಂಡ್ರು. ನಾವು ದಿನಾ ಬಳಸ್ತಿದ್ದ ಎಂಪಿಇಎಕ್ಸ್ ಅನ್ನೋ ಟೂಲ್ ಬರೆದಿದ್ದು ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ಬಂದ ವೊಲೋಖ್ ಅಪ್ಪ-ಮಗ, ಆಗ ಮಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರದ ವಯಸ್ಸು. ಆ ಹುಡುಗ ಯೂಜೀನ್ ಆಮೇಲೆ ಕಂಪ್ಯೂಟರ್ ಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಕಾನೂನು ಪ್ರೊಫೆಸರ್ ಆದ್ರು, ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯದ ಕೇಸುಗಳ ಚರ್ಚೆ ಬಂದ್ರೆ ಈಗ್ಲೂ ಅವರ ಹೆಸರು ಬರುತ್ತೆ. 1996ರಲ್ಲಂತೂ ಈ ಮಂದಿ ಅನಾಹೈಮ್‌ನಲ್ಲಿ ಹೈಸ್ಕೂಲಿನ ಫುಟ್‌ಬಾಲ್ ಮೈದಾನದ ತುಂಬ ಎಚ್‌ಪಿ 3000ದಿಂದಲೇ ಪ್ರಿಂಟ್ ಮಾಡಿದ ಪೋಸ್ಟರ್ ಹಾಸಿ, ಇದು ಪ್ರಪಂಚದಲ್ಲೇ ದೊಡ್ಡದು ಅಂತ ಬೀಗಿದ್ರು. ಗಾಳಿ ಬಂದು ಹರಿದುಹಾಕ್ತಂತೆ. ಒಂದು ವ್ಯಾಪಾರದ ಕಂಪ್ಯೂಟರಿಗೆ ಯಾರಾದ್ರೂ ಹಿಂಗೆಲ್ಲ ಮಾಡ್ತಾರಾ? ನಮ್ಮೂರಲ್ಲಿ ರಾಜ್‌ಕುಮಾರ್ ಕಟೌಟಿಗೆ ಮಾಡ್ತಿದ್ರು, ಅದನ್ನ ನೋಡಿದೀನಿ.

ಇವರು ಜಗಳಕ್ಕೂ ಸೈ. 1990ರಲ್ಲಿ ಎಚ್‌ಪಿಗೆ ಏನು ಬುದ್ಧಿ ಬಂತೋ, ಇಮೇಜ್‌ನ ಮೆಷಿನ್‌ನಿಂದ ಬೇರೆ ಮಾಡಿ ಬೇರೆ ದುಡ್ಡಿಗೆ ಮಾರೋಣ ಅಂತ ಹೊರಟ್ರು. ಬಾಸ್ಟನ್‌ನಲ್ಲಿ ಇಂಟರೆಕ್ಸ್ ಅನ್ನೋ ಬಳಕೆದಾರರ ಸಂಘದ ಸಮಾವೇಶ ಇತ್ತು, ಅಲ್ಲಿ ಜನ ಎದ್ದು ನಿಂತು ಎಚ್‌ಪಿಯವರಿಗೆ ಮುಖಕ್ಕೆ ಹೇಳಿದ್ರು. ಹಿಂದೆ ಬ್ರಿಟಿಷರ ತೆರಿಗೆ ವಿರುದ್ಧ ಜನ ಚಹಾ ಪೆಟ್ಟಿಗೆಗಳನ್ನ ನೀರಿಗೆ ಎಸೆದಿದ್ದ ಊರು ಬಾಸ್ಟನ್, ಹಾಗಾಗಿ ಇದಕ್ಕೂ ಟೀ ಪಾರ್ಟಿ ಅಂತಲೇ ಹೆಸರಿಟ್ರು. ಎಚ್‌ಪಿ ಹಿಂದೆ ಸರೀತು. ಆ ಗೆಲುವೇ ಅವರಿಗೆ ಒಂದು ತಪ್ಪು ಧೈರ್ಯ ಕೊಡ್ತು ಅಂತ ನನಗನ್ಸುತ್ತೆ, ನಾವು ಕೂಗಿದ್ರೆ ಕಂಪನಿ ಕೇಳುತ್ತೆ ಅಂತ. ಹನ್ನೊಂದು ವರ್ಷ ಆದ್ಮೇಲೆ ಕೇಳಲಿಲ್ಲ.

ನಡುವೆ ಒಂದು ದೊಡ್ಡ ಕೆಲಸ ಆಗಿತ್ತು, ಅದನ್ನ ಹೇಳದೆ ಹೋದ್ರೆ ತಪ್ಪಾಗುತ್ತೆ. 1980ರ ದಶಕದಲ್ಲಿ 16 ಬಿಟ್ ಸಾಲದೆ ಹೋಗಿ ಎಚ್‌ಪಿ ಪೂರ್ತಿ ಹೊಸ ಪ್ರೊಸೆಸರ್ ಮಾಡ್ತು, ಪಿಎ-ರಿಸ್ಕ್ ಅಂತ. 1986ರಲ್ಲಿ ಘೋಷಣೆ, ತಡ ಆಗಿ ಆಗಿ 1987ರಲ್ಲಿ ಗಿರಾಕಿಗಳ ಕೈಗೆ ಬಂತು. ಒಳಗಿನ ಎಲುಬುಗೂಡೇ ಬದಲಾಗಿದೆ, ಹಳೇದು ಸ್ಟ್ಯಾಕ್ ಮೇಲೆ ನಡೆಯೋ ಮೆಷಿನ್, ಹೊಸದು ಏನೇನೂ ಸಂಬಂಧ ಇಲ್ಲದ್ದು. ಆದ್ರೂ ಹಳೇ ಮೆಷಿನ್‌ಗೆ ಕಂಪೈಲ್ ಮಾಡಿಟ್ಟಿದ್ದ (ಅಂದ್ರೆ ಮೆಷಿನ್ ಭಾಷೆಗೆ ತಿರುಗಿಸಿಟ್ಟಿದ್ದ) ಪ್ರೋಗ್ರಾಮ್‌ನ ಟೇಪ್‌ನಿಂದ ಇಳಿಸಿ ಹಾಗೇ ರನ್ ಅಂದ್ರೆ ಓಡ್ತಿತ್ತು! ಮತ್ತೆ ಕಂಪೈಲ್ ಕೂಡ ಮಾಡ್ಬೇಕಿಲ್ಲ. ನಾನು 1999ರಲ್ಲಿ ಮುಟ್ಟಿದ ಒಂದು ಪ್ರೋಗ್ರಾಮ್‌ನ ತಲೆ ಮೇಲೆ 1979 ಅಂತ ತಾರೀಕಿತ್ತು, ಬರೆದವರ ಹೆಸರಿನ ಮೊದಲಕ್ಷರ ಇತ್ತು, ಸೋರ್ಸ್, ಅಂದ್ರೆ ಕೈಯಲ್ಲಿ ಬರೆದ ಮೂಲ ಕೋಡ್‌ನ ಫೈಲು, ಕಳೆದುಹೋಗಿತ್ತು, ಪ್ರಿಂಟ್ ಔಟ್ ಮಾತ್ರ ಉಳಿದಿತ್ತು. ಪ್ರೋಗ್ರಾಮ್ ಮಾತ್ರ ದಿನಾ ರಾತ್ರಿ ಓಡ್ತಿತ್ತು. ಈಗ ನನ್ನ ಮಗಳ ಫೋನಲ್ಲಿ ಮೂರು ವರ್ಷದ ಹಿಂದಿನ ಆಪ್ ಓಪನ್ ಆಗಲ್ಲ.

ವಿಮಾನದವರೂ ಇದನ್ನ ಬಳಸ್ತಿದ್ರು ಅಂದ್ರೆ ನಂಬ್ತೀರಾ? ಅಮೆರಿಕದ ಯೂಟಾದಲ್ಲಿ ಮಾರಿಸ್ ಏರ್ ಅಂತ ಸಣ್ಣ ಏರ್‌ಲೈನ್ ಇತ್ತು, ಕಾಗದದ ಟಿಕೆಟ್ ಇಲ್ಲದೆ ಬರೀ ನಂಬರ್ ಕೊಟ್ಟು ಜನರನ್ನ ಹತ್ತಿಸೋ ಪದ್ಧತಿಯನ್ನ ಮೊದಮೊದಲು ಮಾಡಿದವರಲ್ಲಿ ಅವರೂ ಇದ್ರು. ಅದರಿಂದ ಬೆಳೆದ ಓಪನ್ ಸ್ಕೈಸ್ ಅನ್ನೋ ಸಾಫ್ಟ್‌ವೇರ್ ಓಡ್ತಿದ್ದಿದ್ದು ಎಚ್‌ಪಿ 3000 ಮೇಲೆ. 1998ರಲ್ಲಿ ಎಚ್‌ಪಿನೇ ಅದನ್ನ ಕೊಂಡ್ಕೊಂಡು, 2000ದಲ್ಲಿ ನ್ಯಾವಿಟೇರ್ ಅನ್ನೋ ಕಂಪನಿಗೆ ಮಾರ್ತು. ಅದರ ಮುಂದಿನ ಪೀಳಿಗೆ ನ್ಯೂ ಸ್ಕೈಸ್, ಅದು ವಿಂಡೋಸ್ ಮೇಲೆ ಬಂತು, ನಮ್ಮ ಇಂಡಿಗೋನೂ ಅದನ್ನ ಬಳಸಿದೆ.

ಇನ್ನು ವೈ2ಕೆ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ಬೋರ್ ಹೊಡೆಸೋ ಕೆಲಸ ಅದು. ವರ್ಷಕ್ಕೆ ಎರಡೇ ಅಂಕಿ ಇರೋ ಜಾಗ ಹುಡುಕು, 50ಕ್ಕಿಂತ ಕಮ್ಮಿ ಇದ್ರೆ 20 ಸೇರಿಸು, ಜಾಸ್ತಿ ಇದ್ರೆ 19 ಸೇರಿಸು, ಟೆಸ್ಟ್ ಮಾಡು, ಎಕ್ಸೆಲ್ ಶೀಟ್‌ನಲ್ಲಿ ಟಿಕ್ ಹಾಕು, ಕೆಳಗೆ ಹೋಗಿ ಟೀ ಕುಡಿ. ಡಿಸೆಂಬರ್ 31ರ ರಾತ್ರಿ ಎಲ್ಲರೂ ಆಫೀಸಲ್ಲೇ ಇದ್ವಿ, ಏನೂ ಆಗಲಿಲ್ಲ, ಕೇಕ್ ತಿಂದ್ವಿ.

ಆದ್ರೆ ಆ ಹುಡುಕಾಟದಲ್ಲಿ ಒಂದು ತಮಾಷೆ ಕಣ್ಣಿಗೆ ಬಿತ್ತು. ಎಂಪಿಇಯಲ್ಲಿ ಇವತ್ತಿನ ತಾರೀಕು ಕೇಳೋಕೆ ಕ್ಯಾಲೆಂಡರ್ ಅಂತ ಒಂದು ಇಂಟ್ರಿನ್ಸಿಕ್ ಇದೆ, ಅಂದ್ರೆ ಪ್ರೋಗ್ರಾಮ್‌ಗಳು ಕರೆಯೋಕೆ ಸಿಸ್ಟಮ್‌ನಲ್ಲೇ ಇರೋ ಸಿದ್ಧ ರೂಟೀನು. ಅದು ಉತ್ತರ ಕೊಡೋದು 16 ಬಿಟ್‌ನಲ್ಲಿ. 9 ಬಿಟ್ ವರ್ಷದ ಎಷ್ಟನೇ ದಿನ ಅನ್ನೋದಕ್ಕೆ, ಉಳಿದ 7 ಬಿಟ್ 1900ರಿಂದ ಎಷ್ಟನೇ ವರ್ಷ ಅನ್ನೋದಕ್ಕೆ. 7 ಬಿಟ್‌ನಲ್ಲಿ ಹಿಡಿಸೋ ದೊಡ್ಡ ಸಂಖ್ಯೆ 127. ಅಂದ್ರೆ 2027ರ ಡಿಸೆಂಬರ್ 31 ದಾಟಿದ್ರೆ ಮೆಷಿನ್ ವಾಪಸ್ 1900ಕ್ಕೆ ಹೋಗುತ್ತೆ. ನಾನು ಲೀಡ್ ಹತ್ರ ಓಡಿ ಹೋಗಿ ದೊಡ್ಡ ಬಗ್ ಸಿಕ್ಕಿದೆ ಸಾರ್ ಅಂದೆ. ಅವರು ಸ್ಕ್ರೀನ್‌ನಿಂದ ಕಣ್ಣೆತ್ತದೇ "ಅಷ್ಟೊತ್ತಿಗೆ ನನಗೆ ಪಿಂಚಣಿ ಬಂದಿರುತ್ತೆ, ನೀನು ನೋಡ್ಕೋ" ಅಂದ್ರು.

2001ರ ಫೆಬ್ರವರಿಯಲ್ಲಿ ಎಚ್‌ಪಿ ಹೊಸ ಮಾದರಿಗಳನ್ನ ಬಿಡ್ತು, ಎ-ಕ್ಲಾಸ್, ಎನ್-ಕ್ಲಾಸ್ ಅಂತ. ಗಿರಾಕಿಗಳು ಖುಷಿಯಾಗಿ ದುಡ್ಡು ಹಾಕಿದ್ರು. ಅದ್ರಲ್ಲೂ ಒಂದು ಕಿತಾಪತಿ ಇತ್ತು, ಎ-ಕ್ಲಾಸ್‌ನ ಕೆಲವು ಮಾದರಿಗಳಲ್ಲಿ ಪ್ರೊಸೆಸರ್‌ನ ಬೇಕಂತಲೇ ನಿಧಾನ ಮಾಡಿ ಕೊಟ್ಟಿದ್ರು, ಅದೇ ಡಬ್ಬ ಯೂನಿಕ್ಸ್ ಹಾಕಿದ್ರೆ ಪೂರ್ತಿ ವೇಗದಲ್ಲಿ ಓಡ್ತಿತ್ತು. ಎತ್ತಿನ ಕಾಲಿಗೆ ಹಗ್ಗ ಕಟ್ಟಿ ಉಳೋಕೆ ಬಿಟ್ಟ ಹಾಗೆ. ಸೆಪ್ಟೆಂಬರ್‌ನಲ್ಲಿ ಎಚ್‌ಪಿ ಮತ್ತು ಕಾಂಪ್ಯಾಕ್ ಅನ್ನೋ ಇನ್ನೊಂದು ಕಂಪ್ಯೂಟರ್ ಕಂಪನಿ ಒಂದಾಗ್ತೀವಿ ಅಂದ್ರು. ನವೆಂಬರ್ 14ಕ್ಕೆ, ಹೊಸ ಮೆಷಿನ್ ಬಿಟ್ಟು ಒಂಬತ್ತು ತಿಂಗಳಿಗೆ, ಎಚ್‌ಪಿ 3000 ನಿಲ್ಲಿಸ್ತಿದ್ದೀವಿ ಅಂತ ಘೋಷಣೆ. 2003ರ ಅಕ್ಟೋಬರ್ 31ಕ್ಕೆ ಮಾರಾಟ ಬಂದ್, 2006ರ ಕೊನೆಗೆ ಸಪೋರ್ಟ್ ಬಂದ್.

ಅವತ್ತು ದೀಪಾವಳಿ. ನಾನು ಊರಲ್ಲಿ ಎಣ್ಣೆ ಸ್ನಾನ ಮಾಡಿ ಹಂಡೆ ಒಲೆ ಮುಂದೆ ಕೂತಿದ್ದೆ. ಸೋಮವಾರ ಬಂದು ಲಾಗಿನ್ ಆದ್ರೆ ಕ್ಲೈಂಟ್ ಕಡೆಯ ಆಪರೇಟರ್ ಮೇಲ್ ಹಾಕಿದಾರೆ, ಒಂದೇ ಸಾಲು, ನೀವು ಕೇಳಿದ್ರಾ ಅಂತ. ಅವರ ಬಗ್ಗೆ ಹೇಳ್ಲಿಲ್ಲ ಅಲ್ವಾ. ನಾವು ಅವರ ಮುಖ ನೋಡಿರಲಿಲ್ಲ, ಫೋನಲ್ಲಿ ದನಿ ಮಾತ್ರ ಗೊತ್ತು. ನಮ್ಮ ನಮ್ಮಲ್ಲಿ ದೊಡ್ಡಮ್ಮ ಅಂತ ಕರೀತಿದ್ವಿ. ಸೀರೀಸ್ 3 ಅನ್ನೋ ಹಳೇ ಮಾದರಿ ಕಾಲದಿಂದ ಅದೇ ಕನ್ಸೋಲ್, ಅಂದ್ರೆ ಮೆಷಿನ್ ನಡೆಸೋ ಮುಖ್ಯ ಟರ್ಮಿನಲ್ ಮುಂದೆ ಕೂತಿದ್ದವರು. ರಾತ್ರಿ ತಾನಾಗೇ ಓಡೋ ಪ್ರೋಗ್ರಾಮ್ (ಜಾಬ್) ಯಾವುದಾದ್ರೂ ನಿಂತ್ರೆ ನಾವು ಲಾಗ್ ನೋಡೋಕೆ ಮುಂಚೆ ಅವರೇ ಕಾರಣ ಹೇಳ್ತಿದ್ರು.

ಎಚ್‌ಪಿ ಕೊಟ್ಟ ಕಾರಣ, ಈ ಮೆಷಿನ್‌ನ ಇಕೋಸಿಸ್ಟಮ್ ಸವೆದುಹೋಗ್ತಿದೆ, ಸಾಫ್ಟ್‌ವೇರ್ ಮಾಡೋರು ಬಿಟ್ಟು ಹೋಗ್ತಿದಾರೆ ಅಂತ. ಸುಳ್ಳು ಅಂತ ಹೇಳಲ್ಲ. ಯೂನಿಕ್ಸ್, ವಿಂಡೋಸ್, ಒರಾಕಲ್ ಡೇಟಾಬೇಸ್ ಎಲ್ಲಾ ಕಡೆ ಹಬ್ಬಿತ್ತು, ಕಾಲೇಜಿನಿಂದ ಬರೋ ಹುಡುಗರಿಗೆ ಎಂಪಿಇ ಅಂದ್ರೆ ಏನೂಂತ ಗೊತ್ತಿರಲಿಲ್ಲ, ನನಗೇ ಗೊತ್ತಿರಲಿಲ್ಲವಲ್ಲ. ಆದ್ರೆ ನೀರು ಹಾಕೋದು ನಿಲ್ಲಿಸಿದವರೇ ಗಿಡ ಒಣಗ್ತಿದೆ ಅಂದ ಹಾಗಿತ್ತು ಅದು. ಎಚ್‌ಪಿ ಮಾರಾಟದವರು ಎಷ್ಟೋ ವರ್ಷದಿಂದ ಹೊಸ ಗಿರಾಕಿಗೆ 3000 ತೋರಿಸ್ತಾನೇ ಇರಲಿಲ್ಲ, ಯೂನಿಕ್ಸ್ ತಗೊಳ್ಳಿ ಅಂತಿದ್ರು. ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳದೇ ಇದ್ದಿದ್ದು, ಈ ಮೆಷಿನ್ ಇಟ್ಕೊಂಡವರು ಬೇಗ ಹೊಸದು ಕೊಳ್ತಿರಲಿಲ್ಲ. ಹಳೇದೇ ಓಡ್ತಿದೆಯಲ್ಲ, ಯಾಕೆ ಕೊಳ್ಬೇಕು? ನಮ್ಮ ಕ್ಲೈಂಟ್ ಕಂಪನಿಯ ಯಜಮಾನರಿಗೆ ತಮ್ಮ ಹತ್ರ ಯಾವ ಕಂಪ್ಯೂಟರ್ ಇದೆ ಅಂತ ಗೊತ್ತಾಗಿದ್ದೇ ಅದು ನಿಲ್ಲುತ್ತೆ ಅಂತ ಸುದ್ದಿ ಬಂದಾಗ. ಗಲಾಟೆ ಮಾಡೋ ಮಗನ ಹೆಸರು ಊರಿಗೆಲ್ಲ ಗೊತ್ತಿರುತ್ತೆ ನೋಡಿ, ಹಾಗೆ.

ಎಂಪಿಇ ಕೆಲಸದ ಒಂದು ಭಾಗ ಎಚ್‌ಪಿಯ ಬೆಂಗಳೂರು ಲ್ಯಾಬ್‌ನಲ್ಲೂ ನಡೀತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ತುಂಬ ತಡವಾಗಿ. ನಾನು ಇದೇ ಊರಲ್ಲಿ ಕೂತು ಇಮೇಜ್ ಎರರ್ ನಂಬರಿಗೆ ಅರ್ಥ ಹುಡುಕ್ತಾ ರಾತ್ರಿಯೆಲ್ಲ ತಲೆ ಕೆರ್ಕೊಂಡಿದ್ದೆ, ಅದನ್ನ ಬಲ್ಲವರು ಬಹುಶಃ ಅದೇ ಬಿಟಿಎಸ್ ಬಸ್ಸಲ್ಲಿ ನನ್ನ ಪಕ್ಕ ನಿಂತಿದ್ರೋ ಏನೋ.

2003ರ ಅಕ್ಟೋಬರ್ 31, ಶುಕ್ರವಾರ. ಇಂಗ್ಲೆಂಡಿನ ಆಲನ್ ಯೋ ಅನ್ನೋ ಹಳೇ ಕೈ ಎಲ್ಲರಿಗೂ ಕರೆ ಕೊಟ್ಟಿದ್ರು, ಅವತ್ತು ನಿಮ್ಮ ನಿಮ್ಮ ಊರಲ್ಲಿ ಸೇರಿ ಈ ಮೆಷಿನ್‌ಗೆ ಒಂದು ಗ್ಲಾಸ್ ಎತ್ತಿ ಅಂತ. ಬೇರೆಬೇರೆ ದೇಶಗಳಲ್ಲಿ ಪಬ್ಬು, ಹೋಟೆಲು, ಮನೆಗಳಲ್ಲಿ ಜನ ಸೇರಿದ್ರು. ಹುಟ್ಟೋಕೆ ಮುಂಚೆ ಕಪ್ಪು ಪಟ್ಟಿ, ಹೋಗೋವಾಗ ಮತ್ತೆ ತಿಥಿ ಊಟ. ನಾವು ಅವತ್ತು ಆಫೀಸಲ್ಲಿ ಮಾರನೇ ದಿನದ ರಾಜ್ಯೋತ್ಸವಕ್ಕೆ ಹಳದಿ ಕೆಂಪು ಬಂಟಿಂಗ್ ಕಟ್ತಿದ್ವಿ. ಸುತ್ಲಿ ಹೆಗಲ ಮೇಲೆ ಹಾಕ್ಕೊಂಡು ಏಣಿ ಮೇಲೆ ನಿಂತಾಗ ಹೊಸ ಮ್ಯಾನೇಜರ್ ಬಂದು, ಮೈಗ್ರೇಷನ್ ಪ್ರಾಜೆಕ್ಟ್ ನಮಗೇ ಬಂದಿದೆ, ನೀನು ಇರ್ಲೇಬೇಕು ಅಂದ್ರು. ಕೆಳಗಿಳಿಯದೇ ಹೂಂ ಅಂದೆ.

ಮೈಗ್ರೇಷನ್ ಅಂದ್ರೆ, 3000 ಮೇಲಿದ್ದಿದ್ದನ್ನೆಲ್ಲ ಯೂನಿಕ್ಸ್‌ಗೆ, ಇಮೇಜ್‌ನಲ್ಲಿದ್ದಿದ್ದನ್ನೆಲ್ಲ ಒರಾಕಲ್ ಥರ ಎಲ್ಲಾನೂ ಟೇಬಲ್‌ಗಳಲ್ಲಿ ಇಡೋ ರಿಲೇಷನಲ್ ಡೇಟಾಬೇಸ್‌ಗೆ ಹಾಕೋದು. ಸುಲಭ ಅಂದ್ಕೊಂಡ್ವಿ. ಇಮೇಜ್‌ನ ಒಂದೊಂದು ಡೇಟಾಸೆಟ್‌ಗೆ (ಮಾಸ್ಟರ್ ಇರ್ಲಿ, ಡೀಟೇಲ್ ಇರ್ಲಿ) ಒಂದೊಂದು ಟೇಬಲ್. ಮುಗೀತಲ್ಲ. ಟೆಸ್ಟಿಂಗ್‌ನಲ್ಲಿ ದುಡ್ಡಿನ ಲೆಕ್ಕ ಪೈಸೆಗೆ ಪೈಸೆ ಸರಿ ಬಂತು, ಆರ್ಡರ್ ಸಂಖ್ಯೆ ಸರಿ ಬಂತು. ಒಂದು ಸಣ್ಣ ಭಾಗ ಮೊದಲು ಲೈವ್ ಮಾಡಿದ್ವಿ, ಗಿಫ್ಟ್ ಆರ್ಡರ್‌ಗಳದ್ದು. ನಾಲ್ಕನೇ ದಿನ ದೊಡ್ಡಮ್ಮನ ಫೋನು. ನಗ್ತಿದ್ರೋ ಬೈತಿದ್ರೋ ಗೊತ್ತಾಗಲಿಲ್ಲ.

ಏನಾಗಿತ್ತು ಅಂದ್ರೆ, ಬುಟ್ಟಿ ಜೊತೆ ಒಂದು ಕಾರ್ಡ್ ಹೋಗುತ್ತೆ, ಅದ್ರಲ್ಲಿ ಕಳಿಸೋರು ಹೇಳಿದ ನಾಲ್ಕು ಸಾಲು ಪ್ರಿಂಟ್ ಆಗುತ್ತೆ. ಆ ನಾಲ್ಕು ಸಾಲು ಡೇಟಾಬೇಸ್‌ನಲ್ಲಿ ನಾಲ್ಕು ಡೀಟೇಲ್ ಎಂಟ್ರಿ. ಯಾವುದು ಮೊದಲು ಯಾವುದು ಆಮೇಲೆ ಅಂತ ನಂಬರ್ ಎಲ್ಲೂ ಇರಲಿಲ್ಲ, ಬೇಕಾಗೂ ಇರಲಿಲ್ಲ, ಚೈನ್‌ನಲ್ಲಿ ಹಾಕಿದ ಕ್ರಮದಲ್ಲೇ ಬರ್ತಿತ್ತಲ್ಲ. ರಿಲೇಷನಲ್ ಡೇಟಾಬೇಸ್‌ಗೆ ಕ್ರಮ ಅನ್ನೋದೇ ಇಲ್ಲ, ನೀನು ಆರ್ಡರ್ ಬೈ ಅಂತ, ಅಂದ್ರೆ ಇಂಥ ಕ್ರಮದಲ್ಲಿ ಕೊಡು ಅಂತ ಕೇಳದಿದ್ರೆ ಅದಕ್ಕೆ ಹೇಗೆ ತೋಚುತ್ತೋ ಹಾಗೆ ಕೊಡುತ್ತೆ. ಟೆಸ್ಟ್ ಮಾಡೋವಾಗ ಡೇಟಾ ಕಮ್ಮಿ ಇತ್ತು, ಅದೃಷ್ಟಕ್ಕೆ ಸರಿಯಾಗೇ ಬಂದಿತ್ತು. ಈಗ ಕಾರ್ಡ್‌ಗಳಲ್ಲಿ ಮೊದಲ ಸಾಲಲ್ಲಿ "ಪ್ರೀತಿಯಿಂದ, ನಿನ್ನ ಅಜ್ಜಿ", ಎರಡನೇ ಸಾಲಲ್ಲಿ "ತೀರಿಕೊಂಡ ವಿಷಯ", ಮೂರನೇದ್ರಲ್ಲಿ ಇನ್ನೇನೋ. ಸಂತಾಪದ ಕಾರ್ಡ್ ಒಂದು ಹಾಗೆ ಹೋಗಿ, ತಗೊಂಡವರು ಕಂಪನಿಗೆ ಫೋನ್ ಮಾಡಿ ಅತ್ತಿದ್ರಂತೆ. ತಪ್ಪು ನಮ್ಮದು, ಅದ್ರಲ್ಲೂ ಆ ಪ್ರೋಗ್ರಾಮ್ ನಾನೇ ಬದಲಾಯಿಸಿದ್ದು. "ಬರೆದ ಕ್ರಮದಲ್ಲೇ ಬರುತ್ತೆ ತಾನೆ" ಅಂತ ಅಪ್ಪ ಕೇಳಿದ್ದು ಅವತ್ತು ನೆನಪಾಯ್ತು, ಆಗ ಅಪ್ಪ ಇರಲಿಲ್ಲ.

ಸರಿ ಮಾಡೋಕೆ ಮೂರು ವಾರ ಬೇಕಾಯ್ತು. ಇಡೀ ಸಿಸ್ಟಮ್‌ನಲ್ಲಿ ಇಂಥ ಎಷ್ಟು ಕಡೆ ಕ್ರಮವನ್ನ ನಂಬ್ಕೊಂಡು ಕೂತಿದೆ ಅಂತ ಹುಡುಕಿದ್ವಿ, ಮುನ್ನೂರಕ್ಕೂ ಹೆಚ್ಚು ಸಿಕ್ತು. ಎಲ್ಲಾ ಟೇಬಲ್‌ಗೂ ಒಂದೊಂದು ಸಾಲು ನಂಬರ್ ಸೇರಿಸಿದ್ವಿ. ಹಳಬರು ಬರೆಯದೇ ಬಿಟ್ಟಿದ್ದನ್ನ ನಾವು ಬರೀಬೇಕಾಯ್ತು.

ಎಚ್‌ಪಿ ಸಪೋರ್ಟ್ ನಿಲ್ಲಿಸೋ ತಾರೀಕನ್ನ ಆಮೇಲೆ 2008ಕ್ಕೆ, ಮತ್ತೆ 2010ಕ್ಕೆ ಮುಂದೂಡ್ತು, ಜನ ಬಿಡ್ತಾನೇ ಇರಲಿಲ್ಲವಲ್ಲ. ಓಪನ್‌ಎಂಪಿಇ ಅಂತ ಗುಂಪು ಕಟ್ಕೊಂಡು ಸೋರ್ಸ್ ಕೋಡ್ ಕೊಡಿ ಅಂತ ವರ್ಷಗಟ್ಟಲೆ ಕಾಡಿದ್ರು, ಕೊನೆಗೆ ಕೆಲವೇ ಕಂಪನಿಗಳಿಗೆ ಲೈಸೆನ್ಸ್ ಸಿಕ್ತು. ಬಾಸ್ಟನ್‌ನಲ್ಲಿ ಗೆದ್ದಿದ್ದ ಇಂಟರೆಕ್ಸ್ ಸಂಘ 2005ರ ಜುಲೈನಲ್ಲಿ ದಿಢೀರ್ ಅಂತ ಬಾಗಿಲು ಹಾಕ್ತು. ನಗು ಬರೋ ವಿಷಯ ಅಂದ್ರೆ, ಭವಿಷ್ಯ ಇದ್ರಲ್ಲೇ ಇದೆ ಬನ್ನಿ ಅಂತ ಎಚ್‌ಪಿ ಎಲ್ಲರನ್ನೂ ಕರ್ಕೊಂಡು ಹೋದ ತನ್ನದೇ ಯೂನಿಕ್ಸ್ ಎಚ್‌ಪಿ-ಯುಎಕ್ಸ್‌ಗೂ 2025ರ ಡಿಸೆಂಬರ್ 31ಕ್ಕೆ ಸಪೋರ್ಟ್ ಮುಗೀತು. ಅದು ಓಡ್ತಿದ್ದ ಇಟೇನಿಯಂ ಚಿಪ್ಪು 2021ರಲ್ಲೇ ನಿಂತಿತ್ತು. ಆದ್ರೆ ಎಂಪಿಇನ ಮಾಮೂಲಿ ಸರ್ವರ್ ಮೇಲೆ ಓಡಿಸೋ ಎಮ್ಯುಲೇಟರ್ ಬಂದಿದೆ, 2027ರ ಗೋಡೆ ದಾಟಿಸೋ ಪ್ಯಾಚ್ ಕೂಡ ಬೇರೆಯವರು ಮಾಡಿದಾರೆ. ಹೋದ ವರ್ಷ ಒಬ್ಬ ರಿಕ್ರೂಟರ್ ಹುಡುಗಿ ಫೋನ್ ಮಾಡಿ "ಸಾರ್ ಎಂಪಿಇ ಅಂತ ಏನೋ ಬರುತ್ತಂತಲ್ಲ ನಿಮಗೆ" ಅಂದ್ಳು. ಬರುತ್ತಮ್ಮ, ಆದ್ರೆ ರಾತ್ರಿ ಪಾಳಿ ಆಗಲ್ಲ, ಬಿಪಿ ಮಾತ್ರೆ ಇದೆ ಅಂದೆ.

ನಮ್ಮ ಕ್ಲೈಂಟ್‌ನ ಮೆಷಿನ್ ನಿಂತಿದ್ದು 2008ರಲ್ಲಿ, ಒಂದು ಭಾನುವಾರ, ಇಲ್ಲಿ ಸೋಮವಾರ ಬೆಳಗಿನ ಜಾವ. ಎಲ್ಲಾ ಯೂಸರ್‌ಗಳೂ ಹೋಗಿದ್ರು. ಯಾರ್ಯಾರು ಒಳಗಿದಾರೆ ಅಂತ ತೋರಿಸೋ ಶೋಜಾಬ್ ಕಮಾಂಡ್ ಕೊಟ್ಟು ನೋಡಿದೆ, ಇದ್ದಿದ್ದು ಎರಡೇ ಸೆಷನ್, ಕನ್ಸೋಲು ಮತ್ತು ನಾನು. ನಾನು ಬೈ ಅಂದೆ. ಅದು ಎಂದಿನ ಹಾಗೆ ಲೆಕ್ಕ ಕೊಟ್ಟು ಕಳಿಸ್ತು. ಆಮೇಲೆ ಫೋನ್ ಸ್ಪೀಕರ್‌ಗೆ ಹಾಕಿ ದೊಡ್ಡಮ್ಮನಿಗೆ ಶಟ್‌ಡೌನ್ ಕೊಡಿ ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಡ್ರಾಯರ್ ಎಳೆಯೋ ಸದ್ದು, ಕಾಗದ ಹುಡುಕೋ ಸದ್ದು. ಅದನ್ನ ಆಫ್ ಮಾಡಿ ಎಷ್ಟು ವರ್ಷ ಆಗಿತ್ತು ಅಂದ್ರೆ, ಆಫ್ ಮಾಡೋದು ಹೇಗೆ ಅನ್ನೋದು ಅವರಿಗೆ ಮರೆತುಹೋಗಿತ್ತು. ಕನ್ಸೋಲ್‌ನಲ್ಲಿ ಕಂಟ್ರೋಲ್ ಎ ಒತ್ತಿ, ಈಕ್ವಲ್ ಚಿಹ್ನೆ ಬಂದ ಮೇಲೆ ಶಟ್‌ಡೌನ್ ಅಂತ ಹೊಡೀರಿ ಅಂದೆ. ಹೊಡೆದ್ರು. ಬಂದ ಮೆಸೇಜ್‌ಗಳನ್ನ ಒಂದೊಂದಾಗಿ ಓದಿ ಹೇಳಿದ್ರು, ಶಟ್ 1, ಶಟ್ 2, ನಡುವೆ ಸ್ವಲ್ಪ ಹೊತ್ತು ಏನೂ ಇಲ್ಲ, ಶಟ್ 6. ಮುಗೀತು ಅಂದ್ರು. ಹಿಂದೆ ಎಸಿ ಮತ್ತು ಫ್ಯಾನ್ ಸದ್ದು ಇನ್ನೂ ಕೇಳ್ತಿತ್ತು, ಅವರು ಎದ್ದು ಹೋಗಿ ಮೇನ್ ಸ್ವಿಚ್ ತೆಗೆದ್ರು, ಫ್ಯಾನ್ ನಿಧಾನಕ್ಕೆ ಇಳೀತು.

ವಾಪಸ್ ಬಂದು ಕುರ್ಚಿ ಎಳೆದು ಕೂತ ಸದ್ದು ಕೇಳಿಸ್ತು. ಸ್ಕ್ರೀನ್ ಮೇಲೆ ಆ ಸಾಲು ಹಾಗೇ ಇದೆ, ಕರ್ಸರ್ ಮಿನುಗ್ತಾನೇ ಇದೆ ಅಂದ್ರು. ಟರ್ಮಿನಲ್‌ದು ಬೇರೆ ಪ್ಲಗ್ಗು.